ನಿಮಿಷಕ್ಕೆ ನೂರಹತ್ತು

ಎರಡು ವರ್ಷಕ್ಕೊಮ್ಮೆ
ಕೇಳುವುದನ್ನು ನಮಗೆ ಮೊದಲಿನಿಂದ ಕಲಿಸುತ್ತಾರೆ.
ಸೊಹಾರ್ ಬಂದರಿನ ಹಿಂದೆ, ಗೋದಾಮುಗಳ ನಡುವೆ
ಕಂಟೇನರಿನೊಳಗೊಂದು ತರಗತಿ.
ಏಸಿ ಕೆಮ್ಮುತ್ತದೆ. ಮೇಜಿನ ಮೇಲೆ ಕಹ್ವಾದ ಫ್ಲಾಸ್ಕು,
ತಟ್ಟೆಯಲ್ಲಿ ಖರ್ಜೂರ, ಪಕ್ಕದಲ್ಲೇ
ಸೊಂಟದಿಂದ ಕೆಳಗಿಲ್ಲದ ರಬ್ಬರ್ ಮನುಷ್ಯ.

ಹನ್ನೊಂದು ವರ್ಷದಿಂದ ಆಂಬುಲೆನ್ಸಿನ ಕರೆಗೆ ಕಿವಿ ಕೊಟ್ಟವಳು ನಾನು,
ಅದಕ್ಕೂ ಮೊದಲು ಚಿಂತಾಮಣಿಯಲ್ಲಿ ನರ್ಸು.
ಪಾಠ ಹೇಳುವ ಮೌಝಾ ಅಲ್ ಮಅಮರಿಗೆ
ನನ್ನ ಮಗಳ ವಯಸ್ಸು.
‘ಪ’ ಅವಳ ನಾಲಿಗೆಗೆ ಒಗ್ಗದು.
“ಬ್ರಫುಲ್ಲಾ, ಮೊದಲ ಪ್ರಶ್ನೆ?”
“ವಿಳಾಸ.”
“ಎರಡನೆಯದು?”
“ವಿಳಾಸ, ಇನ್ನೊಮ್ಮೆ.”

ಸಮಾಧಾನ ಮಾಡಿಕೊಳ್ಳಿ ಎನ್ನಬಾರದು.
ಹಾಗೆ ಹೇಳಿಸಿಕೊಂಡು ಯಾರೂ ಸಮಾಧಾನವಾದದ್ದಿಲ್ಲ
(ಇದನ್ನು ನನ್ನ ಗಂಡನಿಗೂ ಯಾರಾದರೂ ಕಲಿಸಬಹುದಿತ್ತು).
ಅದೇ ವಾಕ್ಯ, ಅದೇ ದನಿ,
ಏರಿಸದೆ ಇಳಿಸದೆ ಮತ್ತೆ ಮತ್ತೆ ಇಡಬೇಕು,
ಬಾವಿಗೆ ಬಿದ್ದವನಿಗೆ ಹಗ್ಗ ಬಿಟ್ಟ ಹಾಗೆ;
ಕೈಗೆ ಸಿಕ್ಕಾಗ ಹಿಡಿಯಲಿ.

ಮಧ್ಯಾಹ್ನದ ಮೇಲೆ ಧ್ವನಿಮುದ್ರಿಕೆಗಳು.
ಮೂರನೆಯದು ನನ್ನದೆಂದು ಯಾರೂ ಮುಂಚೆ ಹೇಳಿರಲಿಲ್ಲ.

ಕಳೆದ ರಂಜಾನಿನ ರಾತ್ರಿ, ಎರಡೂ ಕಾಲು.
ಹಿಂದಿಯಲ್ಲಿ ತಡವರಿಸಿದ ಗಂಡು ದನಿ
ಥಟ್ಟನೆ ಊರಿಗೆ ಜಾರಿತು:
“ಹ್ವಾಯ್, ಅಡುಗಿಯವ್ರ್ ಬಿದ್ದೀರ್, ಉಸ್ರ್ ಆಡ್ತಿಲ್ಲ!”
ಕುಂದಾಪುರದ ಹುಡುಗ. ನಮ್ಮ ಪಟ್ಟಿಯಲ್ಲಿ
ಅರಬ್ಬಿ, ಇಂಗ್ಲಿಷ್, ಹಿಂದಿ, ಅಷ್ಟೇ.
ನಾನು ಪಟ್ಟಿ ಮೀರಿದೆ.
“ಯಾವ ರಸ್ತೆ?” ಅಂದೆ. ಮುದ್ರಿಕೆ ನಿಲ್ಲಿಸಿ
ಮೌಝಾ ತರಗತಿಯತ್ತ ತಿರುಗಿದಳು.
ಲೇಬರ್ ಕ್ಯಾಂಪಿಗೆ ಯಾವ ರಸ್ತೆ?
“ಗೇಟಿನ ಮೇಲೆ ಏನು ಬರೆದಿದೆ” ಎನ್ನಬೇಕಿತ್ತು.
ನಲವತ್ತು ಸೆಕೆಂಡು ಹೋಯಿತು. ನನ್ನವೇ.
ಕಹ್ವಾದ ಲೋಟ ಕೈಯಲ್ಲಿ ತಣ್ಣಗಾಯಿತು.

ಆಮೇಲೆ ಎಣಿಕೆ. ಎದೆಯ ನಡುವೆ ಅಂಗೈ ಇಡು,
ಒತ್ತು, ಬಿಡು, ನನ್ನ ಜೊತೆ ಎಣಿಸು:
ಒಂದು, ಎರಡು, ಮೂರು, ನಾಲ್ಕು.
ಮೌಝಾ ಪಕ್ಕದಲ್ಲಿ ಮೆಟ್ರೊನೋಮ್ ಹಚ್ಚಿದಳು.
ಟಿಕ್ಕಿಗೆ ನಾನು ಸಿಗುತ್ತಿಲ್ಲ. ನಿಮಿಷಕ್ಕೆ ತೊಂಬತ್ತು.
ಮೇಷ್ಟರ ಮುಂದೆ ಕೈಕಟ್ಟಿ ಒಪ್ಪಿಸುವ ಮಗ್ಗಿ ನನ್ನದು,
ಪ್ರತಿ ಅಕ್ಷರವೂ ಇಸ್ತ್ರಿ ಹಾಕಿಕೊಂಡು ಬರುತ್ತದೆ.
ಹೃದಯಕ್ಕೆ ಅಷ್ಟು ವ್ಯವಧಾನವಿಲ್ಲ.

ಎರಡನೆಯ ನಿಮಿಷಕ್ಕೆ ಹುಡುಗ ನನ್ನನ್ನು ಬಿಟ್ಟು
ತನ್ನಷ್ಟಕ್ಕೆ ಹೊರಟಿದ್ದ:
ಒಂದ್ ಎರ್ಡ್ ಮೂರ್ ನಾಕ್
ಒಂದ್ ಎರ್ಡ್ ಮೂರ್ ನಾಕ್
ಬಾಲ ಕತ್ತರಿಸಿದ ಅಂಕಿಗಳು, ಟಿಕ್ಕಿನ ಮೇಲೆ ಟಿಕ್ಕು.
ನೂರಹತ್ತು.
ನಾನೂ ಅವನ ಹಿಂದೆ ಓಡಿದ್ದು ಕೇಳಿಸಿತು,
ಚಿಂತಾಮಣಿಯವಳ ಬಾಯಲ್ಲಿ ಸೊಟ್ಟ ಕುಂದಾಪುರ.
ಒಂಬತ್ತು ನಿಮಿಷ.

ಮೌಝಾ ಎಲ್ಲರಿಂದಲೂ ಎಣಿಸಿದಳು, ಅವರವರ ಮನೆಮಾತಲ್ಲಿ.
ಬಲೂಚಿ ಮುರಾದನ ಯಕ್ ದೋ ಸೈ ಚಾರ್ ಹೊಂದಿತು.
ರೆನಾಟೊ ಇಸಾ, ದಲವಾ, ಎನ್ನುತ್ತಲೇ ಹಿಂದೆ ಬಿದ್ದು ನಕ್ಕ.
ವಾಹಿದ್, ಇತ್ನೇನ್, ಅವಳದೂ ಹೊಂದಲಿಲ್ಲ.
ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಂಡಳು.

ಮುದ್ರಿಕೆಯ ಕೊನೆ ನನಗೆ ಮರೆತಿತ್ತು.
ಬೂಟಿನ ಸದ್ದು, ಸ್ಟ್ರೆಚರಿನ ಗಾಲಿ,
ಯಾರೋ “ಖಲಾಸ್, ನಾವು ನೋಡ್ತೀವಿ” ಎಂದದ್ದು.
ದೂರದಿಂದ ಹುಡುಗನ ದನಿ, ಇನ್ನೂ ನನ್ನನ್ನೇ ಕೇಳುತ್ತಿದೆ:
“ಇನ್ ಎಣ್ಸೂದ್ ಬ್ಯಾಡ್ದಾ?”

ಅಲ್ಲಿಗೆ ಕಟ್ಟು.
ಅಡುಗೆಯವರು ಉಳಿದರೋ ಇಲ್ಲವೋ ನಮಗೆ ಬರೆದು ತಿಳಿಸುವುದಿಲ್ಲ,
ಕೇಳುವ ಹಾಗೂ ಇಲ್ಲ.
ಆ ರಾತ್ರಿ ನಾನು ಏನು ಹೇಳಿದ್ದೆನೋ,
ಅಷ್ಟರಲ್ಲಿ ಇನ್ನೊಂದು ಸಾಲು ಮಿನುಗಿತ್ತು.

ನೂರಕ್ಕೆ ಎಂಬತ್ತೊಂದು.
ಪ್ರಮಾಣಪತ್ರ ಇನ್ನೆರಡು ವರ್ಷ ನಡೆಯುತ್ತದೆ.
ಕಂಪನಿ ಬಸ್ಸಿನ ಕಿಟಕಿಯಿಂದ ಸಂಜೆ
ಒಂದೊಂದೇ ಗೇಟಿನ ಬರಹ ಓದುತ್ತ ಬಂದೆ,
ತುಕ್ಕು ಹಿಡಿದು ಕಾಣದ ಕಡೆ
ಗೇಟಿನ ಬಣ್ಣ ನೆನಪಿಟ್ಟುಕೊಂಡೆ.