ಆ ಕಡೆಯ ತುದಿ

ಸುಟ್ಟ ಮೋಟಾರುಗಳ ಹೊಟ್ಟೆಯಿಂದ ಬಿಚ್ಚಿದ ತಾಮ್ರ.
ಒಮ್ಮೆ ಬೆಂದದ್ದು, ಹಾಗಾಗಿ ಮೆತ್ತಗೆ;
ಜಗ್ಗಿ ಕಟ್ಟಿದರೆ ಬೇಸಿಗೆಗೊಂದಿಷ್ಟು ಬೆಳೆಯುತ್ತದೆ.
ಎರಡು ತುಂಡು ಮಾಡಿದೆ, ಒಂದೊಂದೂ
ಹತ್ತು ಮೀಟರ್, ಮೇಲೆ ಏಳು ಸೆಂಟಿ.
“ಮೊಳದಾಗೆ ಹೇಳೇ ಕೊಟ್ರಮ್ಮ” ಅಂದಳು ಬೀಬಿಜಾನ್.
ಇಪ್ಪತ್ತೆರಡು ಮೊಳ, ಅಂಥವು ಎರಡು.
“ಅಷ್ಟುದ್ದ ಮಲ್ಲಿಗೆ ಯಾರ ಜಡೆಗೆ?”

ಒಂದು ತುದಿ ನನ್ನ ವೈಂಡಿಂಗ್ ಅಂಗಡಿಯ ತಗಡಿನ ಮೇಲಿನ ಪೈಪಿಗೆ,
ಇನ್ನೊಂದು, ಓಣಿ ದಾಟಿ, ಅವಳ ಮಂಡಕ್ಕಿ ಭಟ್ಟಿಯ ಮಾಳಿಗೆಗೆ.
“ಸಿಡಿಲು ಕರೀತೈತೆ ಅದು” ಅಂದ ಮಗ ದಾದಾಪೀರ್.
ಭಟ್ಟಿಯ ಬ್ಲೋವರ್ ಮೋಟಾರು ಬಿಟ್ಟಿ ಕಟ್ಟಿಕೊಟ್ಟೆ.
ಸಿಡಿಲಿನ ಮಾತು ಅಲ್ಲಿಗೆ ನಿಂತಿತು.

ನಡುವಿನಿಂದ ಇಳಿಯುವ ಜೋಡಿತಂತಿಗೆ
ಗೇಣಿಗೊಂದರಂತೆ ಅಡ್ಡಪಟ್ಟಿ:
ಬಾಗಿಲು ಹಾಕಿದ ಮಿಲ್ಲಿನ ಬಾಬಿನ್ನುಗಳನ್ನು ಕೊಯ್ದದ್ದು.
ಅಪ್ಪ ಅವುಗಳಿಗೆ ಮೂವತ್ತು ವರ್ಷ ನೂಲು ಸುತ್ತಿದ.
ನಾನು ಸುತ್ತುವುದಿಲ್ಲ,
ಎರಡು ಎಳೆ ಒಂದನ್ನೊಂದು ಮುಟ್ಟದಂತೆ
ದೂರ ಹಿಡಿಯಲು ಹೇಳಿದ್ದೇನೆ.

ಬೆಳಗಿನ ನಲವತ್ತು ಮೀಟರಿನಲ್ಲಿ ತಂತಿ ನೆರೆಹೊರೆ:
ಸಾಂಗ್ಲಿಯ ಮಾಸ್ತರರ ಕೆಮ್ಮು, ಕೊಯಮತ್ತೂರಿನ ಕರೆಂಟು ಹೋದ ಸುದ್ದಿ,
ವಿಜಯವಾಡದಲ್ಲಿ ಸೆಕೆಯಂತೆ, ಇಲ್ಲೂ ಸೆಕೆಯೇ ಎನ್ನುತ್ತೇನೆ.
ಸಂಜೆ ಇಪ್ಪತ್ತಕ್ಕೆ ತಿರುವುತ್ತೇನೆ.
ಹಳೇ ವಾಲ್ವ್ ರೇಡಿಯೋದ ಕಂಡೆನ್ಸರು ಎಳ್ಳಿನಷ್ಟು ಅತ್ತಿತ್ತ ಆದರೂ
ಮೀಟರಿನ ಮುಳ್ಳಿಗೆ ಮುನಿಸು.
ಬೆಳಿಗ್ಗೆ ಅರ್ಧ ಅಲೆಯಾಗಿದ್ದ ತಂತಿ ಈಗ ಪೂರ್ತಿ ಅಲೆ.
ಅದೇನೂ ಬೆಳೆದಿಲ್ಲ. ಅಲೆ ಚಿಕ್ಕದಾಗಿದೆ, ಊರು ದೂರವಾಗಿದೆ,
ಒಬ್ಬ ಬಲ್ಗೇರಿಯಾದವನು ನನ್ನ ದಾವಣಗೆರೆಯನ್ನು
ಅಕ್ಷರಕ್ಕೊಂದು ಉಸಿರು ಬಿಟ್ಟು ತಿರುಗಿ ಕೇಳುತ್ತಾನೆ.
ಹದಿನೈದರಲ್ಲಿ ಮೂರು ಅರೆಯಲೆಗಳು ಒಂದೇ ಸಾಲಿಗೆ,
ಬೈಕಿನ ಮೇಲೆ ಮೂವರು ಕೂತ ಹಾಗೆ.

ಶುಕ್ರವಾರ ಮುಳ್ಳು ಸುಮ್ಮನೆ ಏರಿತು.
ಬೆಸುಗೆ ನೋಡಿದೆ, ಬಾಬಿನ್ನು ಎಣಿಸಿದೆ, ಕಾಯಿಲ್ ಒರೆಸಿದೆ.
ಮೇಲೆ ಹತ್ತಿ ನೋಡಿದರೆ
ಆ ಕಡೆಯ ತುದಿಯಲ್ಲಿ ಮೂರು ಲಂಗ, ಒಂದು ಹಸಿ ದುಪ್ಪಟಿ.
“ಗಟ್ಟಿ ಐತಲ್ಲ ತಂತಿ, ಒಣಗಾಕಿದೆ.”
ನಡುವೆ ಹರಿವು ಹೆಚ್ಚು, ತುದಿಯಲ್ಲಿ ಒತ್ತಡ ಹೆಚ್ಚು,
ಮುಟ್ಟಿದರೆ ಬೆರಳು ಸುಡುತ್ತದೆ ಎಂದು ಕೂಗಿದೆ.
“ತುದೀಲಿರೋರಿಗೇ ಒತ್ತಡ ಜಾಸ್ತಿ, ಅದು ನಂಗೆ ಗೊತ್ತಿಲ್ವಾ”
ಅನ್ನುತ್ತ ದುಪ್ಪಟಿ ಹಿಂಡಿದಳು.

ಎಂಬತ್ತು ಮೀಟರಿಗೆ ಈ ತಂತಿ ಗಿಡ್ಡ.
ಅದಕ್ಕೊಂದು ಉಪಾಯ: ಇಳಿದು ಬಂದ ಎರಡೂ ಎಳೆಗಳನ್ನು
ಕೆಳಗೆ ಒಟ್ಟಿಗೆ ಹೊಸೆದು, ಎರಡಲ್ಲ ಒಂದೇ ಎಂದು ನಂಬಿಸಿ,
ಎದುರಿಗೆ ನೆಲವನ್ನೇ ಜೊತೆ ಮಾಡುವುದು.
ಉಪ್ಪು ಇದ್ದಿಲು ಹಾಕಿದ ಗುಂಡಿಗೆ ಎರಡು ಕೊಡ ನೀರು ಹೊಯ್ದೆ.
ಇಷ್ಟು ವರ್ಷ ಮುಟ್ಟಬಾರದೆಂದು ಕಾದ ಎಳೆಗಳು,
ಕೈ ಕೊಂಚ ತಡೆಯಿತು.

ಆ ರಾತ್ರಿ ಬೀಬಿಜಾನ್ ಅಂಗಡಿಗೆ ಬಂದು ಸ್ಟೂಲೆಳೆದು ಕೂತಳು,
ಮೈತುಂಬ ತೌಡಿನ ಧೂಳು.
ಮಾತಾಡಲು ಲೈಸೆನ್ಸ್ ಬೇಕು, ಕೇಳಲು ಅಡ್ಡಿಯಿಲ್ಲ.
ಹೆಡ್‌ಫೋನಿನ ತುಂಬ ಬೇಸಿಗೆಯ ಚಟಪಟ,
ಎಲ್ಲೋ ಆಂಧ್ರದ ಕಡೆ ಮಿಂಚು. ಬರೀ ಗದ್ದಲ, ಮಲಗೋಣ ಎಂದೆ.
ಅವಳು ಕಣ್ಣು ಮುಚ್ಚಿದಳು.
ಕಾದ ಮರಳಲ್ಲಿ ಅಕ್ಕಿ ಅರಳುವುದನ್ನು
ಸದ್ದಿನಲ್ಲೇ ಅಳೆದು ಜರಡಿ ಎತ್ತುವ ಕಿವಿ.
“ತಡಿ” ಅಂದಳು. “ಇದು ಮರಳು. ಇದೂ ಮರಳು.
ಇಲ್ಲಿ... ಮರಳಿನ ಕೆಳಗೆ ಯಾರೋ ಬಡೀತಾ ಅದಾರೆ.”

ಇದ್ದ.
ಸಣ್ಣ, ಉದ್ದ, ಸಣ್ಣ, ಉದ್ದ, ಅಷ್ಟು ತೆಳು,
ಪೆನ್ಸಿಲು ಕಾಗದಕ್ಕೆ ತಾಗಿದರೆ ಮುಚ್ಚಿಹೋಗುವಷ್ಟು.
ಹೆಸರು ಪೂರ್ತಿ ಸಿಗಲಿಲ್ಲ, ಎರಡಕ್ಷರ ಸಿಕ್ಕವು.
ಲಾಗಿನಲ್ಲಿ ಗಂಟೆ ಬರೆದೆ, ಬ್ಯಾಂಡು ಬರೆದೆ,
ಕೇಳಿಸಿಕೊಂಡವರ ಹೆಸರಿಗೆ ಅಲ್ಲಿ ಕಲಂ ಇಲ್ಲ.

ತಂತಿ ಈ ಬೇಸಿಗೆ ನಾಲ್ಕು ಬೆರಳು ಬೆಳೆದಿದೆ.
ಕತ್ತರಿಸಿದರೆ ಎರಡೂ ಕಡೆ ಸಮ ಕತ್ತರಿಸಬೇಕು.
ನಾಳೆ ಅವಳ ಮಾಳಿಗೆ ಹತ್ತಬೇಕು,
ಲಂಗ ತೆಗೆಯೇ ಎಂದು ಮೊದಲೇ ಕೂಗಿ ಹೇಳಬೇಕು.