ಇತರೆ

ಗಣತಿಯಾಂವ ಬಂದಾಗ ನಾ ಕಂಡಿಕಿ ಸುತ್ತಾಕತ್ತಿದ್ದೆ.
ಪೆನ್ನಿನ ಟೊಪ್ಪಿಗಿ ಹಲ್ಲಿನಾಗ ಕಚ್ಚಿಕೊಂಡು ಕೇಳಿದ:
ಮಾತೃಭಾಷೆ?
ಮನೀ ಮಾತು, ಅಂದೆ.
ಮನೀದು ಅಂತ ಗೊತ್ತಾತ್ರಿ ಅಕ್ಕಾರ, ಹೆಸರೇನು?

ಸಾವಜಿ ಅಂತಾರ ಊರವರು. ಅದು ಖಾನಾವಳಿ ಬೋರ್ಡಿನ ಹೆಸರು,
ಉಂಡು ಮೂಗು ಒರಸಿಕೊಳ್ಳಾವರು ಇಟ್ಟದ್ದು.
ಪಟ್ಟೇಗಾರರ ಮಾತು ಅಂತಾರ ಕೆಲವರು.
ನಾವು ಅದನ್ನ ಹೆಸರ್ಹಿಡಿದು ಕರದೇ ಇಲ್ಲ.
ದಿನಾ ಉಡೂ ಸೀರಿಗೆ ಹೆಸರಿರೂದಿಲ್ಲ,
ಟ್ರಂಕಿನಾಗ ಮಡಿಚಿಟ್ಟದ್ದಕ್ಕ ಇರತೈತಿ.

ಆಂವ ಗಡಿಯಾರ ನೋಡಿದ. ಬರಕೊಂಡ: ಇತರೆ.
ಚಪ್ಪಲಿ ಮೆಟ್ಟುವಾಗ ಸುಮ್ಮನ ಕೇಳಿದ,
ಫಾರ್ಮಿನಾಗ ಇಲ್ಲದ್ದು:
ಲಿಪಿ ಐತೇನ್ರಿ ಇದಕ್ಕ?
ಇಲ್ಲ, ಅಂದೆ.

ಇತ್ತು.

ಎಪ್ಪತ್ತೆಂಟರ ಬ್ಯಾಸಗಿ, ಬೆಟಗೇರಿ.
ತುಳಜಾಗ ಹನ್ನೆರಡು, ನನಗ ಒಂಬತ್ತು.
ಅಜ್ಜ ಗೋವಿಂದಸಾನ ಉದ್ರಿ ವಹಿ ಮೋಡಿಯೊಳಗ,
ಎತ್ತಿದರ ಎಳಿ ಹರಿದೀತು ಅನ್ನೂ ಹಂಗ
ಕೈ ಎತ್ತದ ಬರೀತಿದ್ದ ಸಾಲು ಪೂರಾ.
ಸಾಲಿಯೊಳಗ ಕನ್ನಡ. ಬಣ್ಣದ ಮಕಾನದಾರರ ಡಬ್ಬಿಗಳ ಮ್ಯಾಲೆ
ಉರ್ದು, ಬಲದಿಂದ ಎಡಕ್ಕ.
ಎಲ್ಲಾರ ಮಾತಿಗೂ ಅರಿವಿ ಐತಿ, ಅಂದಳು ತುಳಜಾ,
ಊರಿಗೆಲ್ಲ ಸೀರಿ ನೇಯೂ ನಮ್ಮದಷ್ಟ ಬರೇಮೈಲೆ ತಿರಗತೈತಿ.

ಮಗ್ಗದ ಕೆಳಗ ಕುಂತು ಅಕ್ಷರ ಮಾಡಿದಿವಿ.
ಕ ಅಂದ್ರ ಲಾಳಿ. ರ ಅಂದ್ರ ರಾಟಿ, ಹಿಡಿಕಿ ಸೈತ.
ಸ ಅಂದ್ರ ಸೆರಗಿನ ತೆನಿ, ಯಾಕಂದ್ರ
ನಮ್ಮ ಗಂಡಸರ ಹೆಸರೆಲ್ಲ ಸಾ-ಕ್ಕ ಬಂದು ಮುಗೀತಾವ.
ಒಂದು ಸಪ್ಪಳಕ್ಕ ಮಾತ್ರ ಎರಡು ದಿನ ಜಗಳ:
ಮೂಗಿನಾಗ ಅರ್ಧ ನಿಂತು
ಉಳಿದರ್ಧ ಎದಿಯಿಂದ ಬರೂದು, ಕನ್ನಡದಾಗ ಹಿಡೀಲಾರದ್ದು,
ಆಯಿ ಸಿಟ್ಟಾದಾಗ ಜೋರಾಗಿ ಕೇಳತಿತ್ತು.
ಅದಕ್ಕೊಂದು ಗಂಟು ಹಾಕಿದಿವಿ.
ಸಾಲು ಎಡದಿಂದ ಹೋಗಿ ಬಲದಿಂದ ಬರಬೇಕು ಅಂತ ನಾ ಅಂದೆ,
ಲಾಳಿ ಬರಿಗೈಲೆ ತಿರುಗಿ ಬರತೈತೇನು?

ವಹಿಯ ಹಿಂದಿನ ಹಾಳಿಯೊಳಗ ಮೊದಲ ವಾಕ್ಯ ಬರದಿವಿ:
ಹಾಲಿನ ಕೆನಿ ಎಲ್ಲಾ ಅಜ್ಜ ಒಬ್ಬನ ತಿಂತಾನ.

ಅಪ್ಪ ನೋಡಿದ. ಬಡೀತಾನ ಅಂತ ಬಾಗಿಲ ಹಿಂದ ನಿಂತಿವಿ.
ಕಣ್ಣು ಸಣ್ಣ ಮಾಡಿ, ಹಾಳಿ ಅಡ್ಡ ತಿರುವಿ, ಅಂದ:
ದಡಿ ಚಲೋ ಐತಲ್ಲ, ಯಾರು ಕೊಟ್ರು ಈ ನಮೂನಿ?

ನಾಕು ಸೀರಿ ನೇದ. ಗಂಟು ಕೂಡಲಿಲ್ಲ, ಬಿಟ್ಟ.
ಕೆನ್ನೀಲಿ ಒಡಲು, ಕೆಂಪು ದಡಿ, ಅದರ ತುಂಬ
ಅಜ್ಜನ ಹೊಟ್ಟಿಬಾಕತನ, ಹೋಗಿ, ಬಂದು, ಹೋಗಿ, ಬಂದು.
ಅಜ್ಜನ ಗಂಟು ಕಟ್ಟಿ ಹುಬ್ಬಳ್ಳಿ ದುರ್ಗದಬೈಲಿಗೆ ಒಯ್ದ,
ಒಂದೊಂದಕ್ಕ ಐದು ರೂಪಾಯಿ ಹೆಚ್ಚು ತಂದ,
ಬರುವಾಗ ನಮಗ ಪೇಢೆ.
ನಾವು ಮತ್ತ ಬರೀಲಿಲ್ಲ. ಪೇಢೆಯಿಂದನೋ, ನಾಚಿಕಿಯಿಂದನೋ.

ಗಣತಿಯಾಂವ ಹೋದ ರಾತ್ರಿ ತುಳಜಾಗ ಫೋನ್ ಹಚ್ಚಿದೆ.
ಗಂಟು ಎಡಕ್ಕಿತ್ತೋ ಬಲಕ್ಕಿತ್ತೋ ಅಂತ ಕೇಳಿದೆ.
ಯಾವ ಗಂಟು, ಅಂದಳು.
ಆಮ್ಯಾಲೆ ಅವಳ ಮೊಮ್ಮಗ ಏನೋ ಚೆಲ್ಲಿದ,
ಬೈದಳು,
ಆ ಸಪ್ಪಳ ಬಂತು, ಅರ್ಧ ಮೂಗಿನಾಗ, ಅರ್ಧ ಎದಿಯಾಗ,
ಆಯೀದು ಇದ್ದಂಗ.

ಹುಬ್ಬಳ್ಳಿ ಬಸ್ಸಿನಾಗ ಈಗಲೂ
ಹಳೇ ಸೀರಿ ಕಂಡ್ರ ಕಣ್ಣು ಕೆಳಗ ಹೋಗತಾವ.
ಅಣ್ಣಿಗೇರಿ ಹತ್ರ ಒಬ್ಬಾಕಿ, ನನಗಿಂತ ದೊಡ್ಡಾಕಿ, ಕೆನ್ನೀಲಿ,
ಬೆಲ್ಲದ ಬುಟ್ಟಿ ಮಡಿಲಾಗ, ಕೇಳಿದಳು:
ಏನ್ ನೋಡಾಕತ್ತೀಯವಾ ಆವಾಗಿಂದ?
ಓದಾಕತ್ತೇನಿ, ಅಂದೆ.
ಆಕಿ ಕಾಲು ಒಳಗ ಎಳಕೊಂಡಳು.