ಬಿಡಿಸುವುದು

ವೇಮಗಲ್ಲಿನ ಫ್ಯಾಕ್ಟರಿಯಲ್ಲಿ, ಮೂರನೇ ಶಿಫ್ಟು, ನನ್ನ ಕೆಲಸ ಇಷ್ಟೆ:
ನೀಲಮಣಿಯ ಬಿಲ್ಲೆಯ ಮೇಲೆ ಬೆಳೆದ ಬೆಳಕಿನ ಪೊರೆಯನ್ನು
ಹರಿಯದ ಹಾಗೆ ಬಿಡಿಸುವುದು.

ಕೂದಲೆಳೆಯನ್ನು ಉದ್ದಕ್ಕೆ ಹದಿನೈದು ಸೀಳು ಮಾಡಿದರೆ
ಒಂದು ಸೀಳಿನಷ್ಟು ದಪ್ಪ.
ಉಗುರು ತಾಕಿಸುವಂತಿಲ್ಲ. ಉಸಿರೂ.

ಕೆಳಗಿನಿಂದ ಲೇಸರ್ ಬರುತ್ತದೆ, ಕಣ್ಣಿಗೆ ಕಾಣದ ಬಣ್ಣ.
ನೀಲಮಣಿಗೆ (ಹೆಸರಿಗೆ ನೀಲ, ನೋಡಿದರೆ ನೀರು)
ಅದು ಹಾದುಹೋದದ್ದೇ ಗೊತ್ತಾಗುವುದಿಲ್ಲ.
ಅಂಟಿಕೊಂಡ ಆ ಒಂದು ಗೆರೆ ಮಾತ್ರ ಬೆಂದು
ಸಾರಜನಕ ಪುಸ್ಸೆಂದು ಹೋಗಿ
ಗ್ಯಾಲಿಯಂ ಉಳಿಯುತ್ತದೆ, ಬೆಳ್ಳಿಯ ಬೆವರು.
ಅಂಗೈ ಬಿಸಿಗೇ ಕರಗುವ ಲೋಹ.
ಅಲ್ಲಿಗೆ ಬಿಟ್ಟಿತು ಅನ್ನಬೇಕು.

ಹೊಸದರಲ್ಲಿ ಬಿಡುತ್ತಿರಲಿಲ್ಲ.
ಪವರ್ ಜಾಸ್ತಿ ಇಟ್ಟೆ, ಬಿರುಕು.
ಕಡಿಮೆ ಇಟ್ಟೆ, ಮೊದಲ ದೋಸೆಯಂತೆ ಅರ್ಧ ಕಾವಲಿಗೆ.
ಹನ್ನೊಂದು ಬಿಲ್ಲೆ ಹಾಳಾದ ರಾತ್ರಿ
ಅಂಜಿನಪ್ಪನವರು ಬೈಯಲಿಲ್ಲ,
'ನಿಮ್ಮನೇಲಿ ಹಿತಕಿದ ಬೇಳೆ ಯಾರಮ್ಮ ಮಾಡೋದು?' ಅಂದರು.

ನಾನೇ. ಜನವರಿಯಲ್ಲಿ
ಬಕೆಟ್ಟು ತುಂಬ ನೆನೆದ ಅವರೆಕಾಳು,
ಹೆಬ್ಬೆರಳು ತೋರುಬೆರಳ ನಡುವೆ
ಒತ್ತಿಯೂ ಒತ್ತದ ಹಾಗೆ.
ಸಿಪ್ಪೆ ಕೈಯಲ್ಲೇ, ಬೇಳೆ ಚಿಮ್ಮಿ ಗೋಡೆಗೆ,
ಒಮ್ಮೆ ಪಕ್ಕದ್ಮನೆ ಗುಲ್ಜಾರ್‌ಬಿಯ ಕನ್ನಡಕಕ್ಕೆ.

ಮಾರನೆಯ ರಾತ್ರಿ ಅಂಕಿ ನೋಡಲಿಲ್ಲ ಅಂದರೆ ಸುಳ್ಳು.
ನೋಡಿದೆ. ಬೆರಳನ್ನು ಕೇಳಿಯಾದ ಮೇಲೆ.

ಏನೆಲ್ಲ ಬಿಡಿಸಿಲ್ಲ ಈ ಕೈ:
ಕನಕಾಂಬರ, ಓರಗಿತ್ತಿಯರ ಜಗಳ,
ಹದಿನೇಳು ಚುಕ್ಕಿಯ ರಂಗೋಲಿ,
ಬಂಗಾರಪೇಟೆಯ ಗಿರವಿ ಅಂಗಡಿಯಿಂದ ಮೂರು ಸಲ
ಅದೇ ಎರಡೆಳೆ ಸರ,
ಹತ್ತನೇ ಕ್ಲಾಸಿನ ಲೆಕ್ಕ, ಎರಡನೇ ಪ್ರಯತ್ನಕ್ಕೆ.
ಒಂದೇ ಕ್ರಿಯಾಪದದಲ್ಲಿ ಇಷ್ಟು ದಿನ ಬದುಕಿದ್ದೇನೆಂದು
ಈ ಬಿಳಿ ಕೋಣೆಗೆ ಬರುವ ತನಕ ತಿಳಿದಿರಲಿಲ್ಲ.

ಈಗ ಪೊರೆ ಹಳದಿ ಪ್ಲಾಸ್ಟಿಕ್ಕಿನ ಹಾಳೆಯ ಮೇಲೆ.
ಅಂಜಿನಪ್ಪನವರ ಪೆನ್ನಿಗೆ ಸುತ್ತಿ ಕರೆಂಟು ಕೊಟ್ಟೆವು:
ಬಾಗಿದ ಕಡೆಯೂ ಉರಿದವು, ಎರಡು ಸಾವಿರದ ಐನೂರು,
ಸಾಸಿವೆಯ ಹತ್ತಿರವೂ ಬಾರದಷ್ಟು ಚಿಕ್ಕವು.
ಒಂದು ಇಲ್ಲ. ಐದನೇ ಸಾಲು, ಎಡಕ್ಕೆ.
ರಿಪೋರ್ಟಿನಲ್ಲಿ ಹಾಗೇ ಬರೆದೆ.
ಅವರು ಆ ಕಪ್ಪು ಚುಕ್ಕಿಯನ್ನೇ ನೋಡುತ್ತಿದ್ದರು ಬಹಳ ಹೊತ್ತು.

ಬರಿದಾದ ಬಿಲ್ಲೆಯನ್ನು ತೊಳೆದು, ಉಜ್ಜಿ
ಮತ್ತೊಂದು ಬೆಳೆಗೆ ಕಳಿಸುತ್ತಾರೆ.
ತನ್ನ ಮೇಲೆ ಏನು ಬೆಳೆದಿತ್ತೆಂದು ಅದಕ್ಕೆ ನೆನಪಿದ್ದಂತಿಲ್ಲ.

ಆರು ಗಂಟೆಗೆ ಬಸ್ಸು. ಗ್ಲೌಸು ಕಳಚಿದರೆ
ಎಂಟು ತಾಸಿನ ಬೆವರಿಗೆ ಸುಕ್ಕಾದ ಬೆರಳ ತುದಿ,
ಥೇಟು ನೆನೆದ ಅವರೆಕಾಳು.
ಒತ್ತಿ ನೋಡಿಕೊಂಡೆ.